ಜಲ್ಲಿ ಏಟಿಗೆ ಮನೆಯಲ್ಲೇ ಮದ್ದು

ಹಾಸನದಿಂದ ಸಕಲೇಶಪುರಕ್ಕೆ ಹೆಚ್ಚುಕಮ್ಮಿ 40 ಕಿಲೋಮೀಟರ್. ನನ್ನ ಮನೆ ಹಾಸನದಲ್ಲಿ, ಕೆಲಸ ಸಕಲೇಶಪುರದಲ್ಲಿ. ಹಾಗಾಗಿ ರಾಷ್ಟ್ರೀಯ ಹೆದ್ದಾರಿ 75ರ ನಾಲ್ಕು ಪಥದ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ್ದನ್ನು ನಾನು ಪೇಪರಿನಲ್ಲಿ ಓದಬೇಕಾಗಿಲ್ಲ. ನನ್ನ ಕಾರಿನ ಬಾನೆಟ್ ಮೇಲೇ ಬರೆದಿದೆ. ಬಾಳ್ಳುಪೇಟೆ ಆಸುಪಾಸಿನಲ್ಲಿ ಟಿಪ್ಪರ್ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಆ ಸದ್ದು ಗೊತ್ತು. ಟಣ್ ಅಂತ ಒಂದು ಸದ್ದು, ಅಷ್ಟೇ. ಗ್ಲಾಸ್ ಒಡೆದಿಲ್ಲ ಅಂತ ಸಮಾಧಾನ ಮಾಡಿಕೊಂಡು ಮುಂದೆ ಹೋಗುತ್ತೇವೆ. ದಪ್ಪ ಜಲ್ಲಿ ಸಿಡಿಯೋದು ಅಪರೂಪ. ಬಣ್ಣ ಹಾರಿಸೋದೆಲ್ಲ ಬೇಬಿ ಜಲ್ಲಿ. ಮುಂದಿನ ಗಾಡಿಯ ಟೈರಿನ ಸಂದಿಗೆ ಸಿಕ್ಕಿ, ಅದರ ವೇಗಕ್ಕೆ ನಮ್ಮ ವೇಗವೂ ಸೇರಿಕೊಂಡು ಬಂದು ಬಡಿಯುತ್ತದೆ.

ಕಾರು 2016ರ ವ್ಯಾಗನ್ ಆರ್, ಬೆಳ್ಳಿ ಬಣ್ಣ. ಬೆಳ್ಳಿ ಬಣ್ಣದ ಕಾರಿನಲ್ಲಿ ಚುಕ್ಕೆಗಳು ದೂರಕ್ಕೆ ಕಾಣುವುದಿಲ್ಲ. ಆಯುಧ ಪೂಜೆಗೆ ಅಂತ ತೊಳೆದು, ಒರೆಸಿ, ಬಾನೆಟ್‌ಗೆ ವಿಭೂತಿ ಹಚ್ಚಲು ಬಗ್ಗಿದಾಗಲೇ ಎಲ್ಲ ಲೆಕ್ಕಕ್ಕೆ ಸಿಕ್ಕಿದ್ದು. ಪೂಜೆಗೆ ಬಂದಿದ್ದ ಸೋದರಮಾವ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಏನೋ ಇದು, ಕಾರಿಗೆ ಅಮ್ಮ ಎದ್ದಿದೆಯಲ್ಲೋ!"

ಮಾವನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಅವರು ಹಾಸನದ ಕೆಎಸ್ಸಾರ್ಟಿಸಿ ವರ್ಕ್‌ಶಾಪಿನ ಪೇಂಟಿಂಗ್ ಸೆಕ್ಷನ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬಸ್ಸಿನ ಮೈ ಸವರಿಯೇ ಎಷ್ಟು ಕೋಟ್ ಬಿದ್ದಿದೆ ಅಂತ ಹೇಳಬಲ್ಲವರು. ಅವರು ಉಗುರಿನಿಂದ ಒಂದೊಂದೇ ಚುಕ್ಕೆ ಕೆರೆದು ನೋಡುತ್ತಾ ಹೋದರು. ಹೆಚ್ಚಿನವು ಬೂದು ಬಣ್ಣದಲ್ಲಿದ್ದವು, ಅಂದರೆ ಏಟು ಬಣ್ಣದ ಕೆಳಗಿನ ಪ್ರೈಮರ್ ಪದರದವರೆಗೆ ಮಾತ್ರ ಹೋಗಿದೆ. ಕೆಲವಕ್ಕೆ ಮಧ್ಯದಲ್ಲಿ ಕಂದು ಚುಕ್ಕೆ. ಅವುಗಳ ಮೇಲೆ ಮಾವನ ಬೆರಳು ನಿಂತಿತು. "ಇವು ತಗಡಿಗೇ ಮುಟ್ಟಿವೆ. ತುಕ್ಕು ಕೂತಿದೆ. ಬಣ್ಣ ಹೋದರೆ ಹೋಗಲಿ, ತುಕ್ಕು ಬಿಟ್ಟರೆ ಒಳಗೊಳಗೇ ಹರಡುತ್ತೆ ಕಣೋ."

ನನಗೂ ಆಗ ಬೇಕಿದ್ದದ್ದು ಅಂದ ಅಲ್ಲ. ಹತ್ತು ವರ್ಷದ ಹತ್ತಿರಕ್ಕೆ ಬಂದ ಕಾರನ್ನು ಹೊಸದರ ಹಾಗೆ ಮಾಡಿ ಯಾರಿಗೆ ತೋರಿಸಬೇಕು? ಆದರೆ ಸಕಲೇಶಪುರದ ಮಳೆ ನೋಡಿದವರು ತುಕ್ಕನ್ನು ಸುಮ್ನೆ ಬಿಡುವುದಿಲ್ಲ. ಜೂನ್ ಶುರುವಾದರೆ ಸೆಪ್ಟೆಂಬರ್‌ವರೆಗೆ ಕಾರು ಒಣಗೋದೇ ಇಲ್ಲ.

ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಚುಕ್ಕೆಗೆ ಮಾತ್ರ ಬಣ್ಣ ಹಚ್ಚುವ ಪದ್ಧತಿ ಇಲ್ಲ, ಇಡೀ ಬಾನೆಟ್‌ಗೆ ಪೇಂಟ್ ಹೊಡೆಯಬೇಕು ಅಂದರು. ಸಾವಿರಗಳ ಲೆಕ್ಕ. ಇನ್ಶೂರೆನ್ಸ್‌ನಲ್ಲಿ ಮಾಡಿಸಿ ಸಾರ್ ಅಂತ ಸಲಹೆ ಬೇರೆ. ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ಕ್ಲೇಮ್ ಮಾಡದೆ ಇದ್ದರೆ ಮೊದಲ ವರ್ಷ ಶೇ. 20, ಆಮೇಲೆ 25, 35, 45, ಕೊನೆಗೆ 50 ಹೀಗೆ ನೋ ಕ್ಲೇಮ್ ಬೋನಸ್ ಏರುತ್ತಾ ಹೋಗುತ್ತದೆ. ಸ್ವಂತ ಗಾಡಿಯ ಡ್ಯಾಮೇಜ್ ಪ್ರೀಮಿಯಂನಲ್ಲಿ ಅಷ್ಟು ರಿಯಾಯಿತಿ. ಒಂದು ಸಲ ಕ್ಲೇಮ್ ಮಾಡಿದರೆ, ಬೋನಸ್ ಉಳಿಸುವ ಆ್ಯಡ್-ಆನ್ ಇಲ್ಲದಿದ್ದರೆ, ಮುಂದಿನ ವರ್ಷಕ್ಕೆ ಸೊನ್ನೆಗೆ ಇಳಿಯುತ್ತದೆ. ಅದರ ಮೇಲೆ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1000 ರೂಪಾಯಿ ನಮ್ಮದೇ. ಬಾನೆಟ್ ಮೇಲಿನ ಚುಕ್ಕೆಗಾಗಿ ಐವತ್ತು ಪರ್ಸೆಂಟ್ ಬೋನಸ್ ಕಳೆದುಕೊಳ್ಳುವಷ್ಟು ದಡ್ಡತನ ಬೇಡ ಅನ್ನಿಸಿತು.

ಮಾವ ಹೇಳಿದ ಕಾರಣ ಇದಕ್ಕಿಂತ ತೂಕದ್ದು. ಫ್ಯಾಕ್ಟರಿಯಲ್ಲಿ ಬರೀ ತಗಡಿನ ಬಾಡಿಯನ್ನು ಪೂರ್ತಿ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ ಮೊದಲ ಪದರ ಕೂರಿಸುತ್ತಾರೆ. ತುಕ್ಕು ತಡೆಯುವುದು ಮುಖ್ಯವಾಗಿ ಅದೇ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್. ಮೇಲಿನ ಪದರಗಳನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಗ್ಯಾರೇಜಿನಲ್ಲಿ ಅಷ್ಟು ಬಿಸಿ ಮಾಡುವ ಹಾಗಿಲ್ಲ. ಪ್ಲಾಸ್ಟಿಕ್, ವೈರು, ಸೀಟು ಎಲ್ಲ ಇರುತ್ತಲ್ಲ. ಒಳ್ಳೆಯ ಪೇಂಟ್ ಬೂತ್ ಇದ್ದರೂ 60ರಿಂದ 80 ಡಿಗ್ರಿ, ಅಷ್ಟೇ. "ಚುಕ್ಕೆಗೋಸ್ಕರ ಬೇಯಿಸಿದ ಬಣ್ಣಾನೆಲ್ಲ ಉಜ್ಜಿ ತೆಗೆದು ಅರೆಬೆಂದಿದ್ದು ಹೊಡೆಸ್ಕೊಳ್ತೀಯಾ?" ಅಂದರು. ಅಲ್ಲಿಗೆ ತೀರ್ಮಾನ ಆಯಿತು.

ಈ ನಾಲ್ಕೂ ಪದರ ಸೇರಿದರೆ ದಪ್ಪ ಎಷ್ಟು ಅಂದುಕೊಂಡಿದ್ದೀರಿ? ನೂರರಿಂದ ನೂರೈವತ್ತು ಮೈಕ್ರಾನ್. ತಲೆಕೂದಲು ಸುಮಾರು 70 ಮೈಕ್ರಾನ್. ಅಂದರೆ ಹೆಚ್ಚುಕಮ್ಮಿ ಎರಡು ಕೂದಲಿನ ದಪ್ಪದಲ್ಲೇ ತೊಟ್ಟಿ ಪದರ, ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಮುಗಿಯಿತು. ನಾವು ತುಂಬಬೇಕಾದ ಗುಂಡಿಯ ಆಳವೂ ಅಷ್ಟೇ. ಈ ಲೆಕ್ಕ ತಲೆಯಲ್ಲಿದ್ದರೆ ಕೈ ತಾನೇ ಹಗುರಾಗುತ್ತದೆ.

ಎಲ್ಲ ಗುರುತಿಗೂ ಬಣ್ಣ ಬೇಕಾಗುವುದಿಲ್ಲ. ನೀರಲ್ಲಿ ಬೆರಳು ಅದ್ದಿ ಗೀರಿನ ಮೇಲೆ ಒಂದು ಹನಿ ಬಿಡಿ. ಒದ್ದೆಯಾದಾಗ ಗೀರು ಮಾಯವಾದರೆ ಏಟು ಕ್ಲಿಯರ್ ಪದರದಲ್ಲೇ ನಿಂತಿದೆ. ಅದಕ್ಕೆ ಪಾಲಿಶ್ ಸಾಕು. ಒದ್ದೆಯಾದರೂ ಕಾಣುತ್ತಿದ್ದರೆ, ಉಗುರು ಸಿಕ್ಕಿಕೊಳ್ಳುತ್ತಿದ್ದರೆ, ಬಣ್ಣ ಹಚ್ಚಲೇಬೇಕು. ನಾನು ಮಾಸ್ಕಿಂಗ್ ಟೇಪಿನ ಚಿಕ್ಕ ಚೂರು ಹರಿದು ಪ್ರತಿ ಚುಕ್ಕೆಯ ಪಕ್ಕ ಅಂಟಿಸುತ್ತಾ ಹೋದೆ. ತುಕ್ಕು ಇದ್ದಿದ್ದಕ್ಕೆ ಟೇಪಿನ ಮೇಲೆ ಪೆನ್ನಿನಲ್ಲಿ ಒಂದು ಗೀಟು. ಅಂಟಿಸಿ ಮುಗಿಸಿ ನೋಡಿದರೆ ಬಾನೆಟ್‌ನ ಮುಂದಿನ ಅಂಚು ಟೇಪಿನಿಂದಲೇ ತುಂಬಿಹೋಗಿತ್ತು.

ಬಣ್ಣದ ವಿಷಯಕ್ಕೆ ಬರೋಣ. ಕಾರಿನ ಬಣ್ಣಕ್ಕೆ ಹೆಸರಿಗಿಂತ ಕೋಡ್ ಮುಖ್ಯ. ನಮ್ಮ ಕಾರಿನಲ್ಲಿ ಬಾನೆಟ್ ಎತ್ತಿದರೆ ಒಳಗಡೆ ಒಂದು ತಗಡಿನ ಪಟ್ಟಿ ಇದೆ. ಅದರಲ್ಲಿ ಕಲರ್ ಅನ್ನುವ ಕಡೆ ಝಡ್2ಎಸ್ ಅಂತಿದೆ. ಸಿಲ್ಕಿ ಸಿಲ್ವರ್. ಬೇರೆ ಕಂಪನಿಗಳ ಕಾರುಗಳಲ್ಲಿ ಇದು ಡ್ರೈವರ್ ಬಾಗಿಲಿನ ಕಂಬದ ಮೇಲೆ ಸ್ಟಿಕ್ಕರ್ ಆಗಿ ಇರುವುದೂ ಉಂಟು. ಬೆಳ್ಳಿ ಬಣ್ಣ ಅಂದರೆ ಒಂದೇ ಅಂತ ನಂಬಿರುವವರು ಒಮ್ಮೆ ಪೇಂಟ್ ಅಂಗಡಿಯ ಕಾರ್ಡು ತಿರುವಿ ನೋಡಬೇಕು.

ಬಿ.ಎಂ. ರಸ್ತೆಯಲ್ಲಿ ಆಟೊ ಪೇಂಟ್ ಬೆರೆಸಿಕೊಡುವ ಒಂದು ಅಂಗಡಿಗೆ ಪಟ್ಟಿಯ ಫೋಟೊ ಹಿಡಿದು ಹೋದೆ. ಅಂಗಡಿಯವರು ಕಂಪ್ಯೂಟರಿನಲ್ಲಿ ಕೋಡ್ ಹಾಕಿ, ತಕ್ಕಡಿಯ ಮೇಲೆ ಡಬ್ಬಿ ಇಟ್ಟು, ಒಂದೊಂದೇ ಬಣ್ಣವನ್ನು ಗ್ರಾಂ ಲೆಕ್ಕದಲ್ಲಿ ಸುರಿಯುತ್ತಾ ಮಾತಾಡಿದರು.

"ಸಿಲ್ವರಾ ಸಾರ್? ಬಿಳಿ ಆಗಿದ್ರೆ ಕಣ್ಣು ಮುಚ್ಕೊಂಡು ಕೊಡ್ತಿದ್ದೆ. ಸಿಲ್ವರ್ ಯಾರ ಮಾತೂ ಕೇಳಲ್ಲ."

"ಕೋಡ್ ಕರೆಕ್ಟ್ ಇದೆಯಲ್ವಾ?"

"ಕೋಡ್ ಕರೆಕ್ಟೇ. ಹಚ್ಚೋ ಕೈ ಬೇರೆ ಅಲ್ವಾ ಸಾರ್. ಅಲ್ಲಿ ಗನ್ನು, ನಿಮ್ದು ಕಡ್ಡಿ."

ಅದರ ಅರ್ಥ ಮಾವ ಆಮೇಲೆ ಬಿಡಿಸಿ ಹೇಳಿದರು. ಬೆಳ್ಳಿ ಬಣ್ಣದಲ್ಲಿ ಹೊಳೆಯುವುದು ಅಲ್ಯೂಮಿನಿಯಂನ ಚೂರುಗಳು. ಸ್ಪ್ರೇ ಗನ್ನಿನಲ್ಲಿ ಹೊಡೆದಾಗ ಬಣ್ಣ ತೆಳ್ಳಗೆ ಬಿದ್ದು ಬೇಗ ಒಣಗುತ್ತದೆ, ಚೂರುಗಳು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಮಲಗುತ್ತವೆ. ಎಲ್ಲವೂ ಒಂದೇ ಕಡೆಗೆ ಬೆಳಕು ಎರಚುತ್ತವೆ. ಕಡ್ಡಿಯಲ್ಲೋ ಬ್ರಷ್‌ನಲ್ಲೋ ಇಟ್ಟಾಗ ಹನಿ ದಪ್ಪ, ಒಣಗುವುದು ನಿಧಾನ. ಚೂರುಗಳು ಮನಸ್ಸಿಗೆ ಬಂದಂತೆ ಅಡ್ಡಾದಿಡ್ಡಿ ನಿಲ್ಲುತ್ತವೆ. ಅದೇ ಬಣ್ಣ, ಅದೇ ಡಬ್ಬಿ, ಆದರೂ ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಇದಕ್ಕೆ ಮದ್ದಿಲ್ಲ. ಹೆಚ್ಚು ತೆಳ್ಳಗೆ, ಹೆಚ್ಚು ಸಲ ಹಚ್ಚಿದರೆ ಒಂಚೂರು ಸುಧಾರಿಸುತ್ತದೆ. ಹೀಗೆ ಮೊದಲೇ ಗೊತ್ತಿದ್ದರೆ ಸಂಜೆವರೆಗೆ ಒಂದೇ ಚುಕ್ಕೆಯ ಜೊತೆ ಜಗಳ ಆಡುವುದು ತಪ್ಪುತ್ತದೆ.

ಕಂಪನಿಯ ಟಚ್‌ಅಪ್ ಬಾಟಲಿಗಳೂ ಸಿಗುತ್ತವೆ. ಮುಚ್ಚಳಕ್ಕೇ ಬ್ರಷ್ ಅಂಟಿರುತ್ತದೆ. ಆ ಬ್ರಷ್ ಮಾತ್ರ ನಂಬಬೇಡಿ. ಸಾಸಿವೆ ಕಾಳಿಗಿಂತ ಚಿಕ್ಕ ಗುಂಡಿಗೆ ಅಷ್ಟು ಅಗಲದ ಬ್ರಷ್ ಯಾಕೆ ಬೇಕು ಅಂತ ಇವತ್ತಿಗೂ ಅರ್ಥವಾಗಿಲ್ಲ. ನಾನು ಬೆರೆಸಿದ ಬಣ್ಣದ ಜೊತೆಗೆ ಒಂದು ಚಿಕ್ಕ ಡಬ್ಬಿ ಪ್ರೈಮರ್, ಕ್ಲಿಯರ್, ಅರ್ಧ ಲೀಟರ್ ಥಿನ್ನರ್, 1000 ಮತ್ತು 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್), ಉಜ್ಜಿ ಹೊಳಪು ತರಿಸುವ ರಬ್ಬಿಂಗ್ ಕಾಂಪೌಂಡ್ ತಂದೆ. ಕ್ಲಿಯರ್‌ನಲ್ಲಿ ಎರಡು ಥರ. ಗಟ್ಟಿಕಾರಕ ಬೆರೆಸುವುದು ಒಂದು, ಹಾಗೇ ಹಚ್ಚುವುದು ಇನ್ನೊಂದು. ಗಟ್ಟಿಕಾರಕದ್ದು ಬಾಳಿಕೆಯಲ್ಲಿ ಮೇಲು, ಆದರೆ ಬೆರೆಸಿದ ಕೆಲವು ಗಂಟೆಗಳಲ್ಲಿ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಅದರಲ್ಲಿರುವ ಐಸೊಸಯನೇಟ್ ಉಸಿರಿಗೆ ಒಳ್ಳೆಯದಲ್ಲ. ದಿನಕ್ಕೆ ನಾಲ್ಕು ಹನಿ ಹಚ್ಚುವ ನನಗೆ ಬೆರೆಸದೆ ಹಚ್ಚುವ ಕ್ಲಿಯರ್ ಸಾಕು ಅಂತ ಮಾವನೇ ಹೇಳಿದರು. ಮೆಡಿಕಲ್ ಶಾಪಿನಲ್ಲಿ ಒಂದು ಬಾಟಲಿ ಸರ್ಜಿಕಲ್ ಸ್ಪಿರಿಟ್, ಪುಸ್ತಕದಂಗಡಿಯಲ್ಲಿ ಅತಿ ಸಣ್ಣ ಡ್ರಾಯಿಂಗ್ ಬ್ರಷ್, ದಿನಸಿ ಅಂಗಡಿಯಲ್ಲಿ ಟೂತ್‌ಪಿಕ್ ಡಬ್ಬಿ. ತುಕ್ಕು ತೆಗೆಯುವ ದ್ರವ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಎಲ್ಲ ಸೇರಿ ಸರ್ವಿಸ್ ಸೆಂಟರ್ ಹೇಳಿದ ಮೊತ್ತದ ಕಾಲು ಭಾಗವೂ ಆಗಲಿಲ್ಲ. ಅದರಲ್ಲೂ ಮುಕ್ಕಾಲು ಪಾಲು ಸಾಮಾನು ಇನ್ನೂ ಅಟ್ಟದ ಮೇಲಿದೆ.

ಕೆಲಸ ಶುರು ಮಾಡಲು ದೀಪಾವಳಿ ಕಳೆಯುವವರೆಗೆ ಕಾದೆ. ಮಾವ ಹಠ ಹಿಡಿದು ಕಾಯಿಸಿದರು ಅನ್ನಬೇಕು. ಗಾಳಿಯಲ್ಲಿ ಪಸೆ ಜಾಸ್ತಿ ಇದ್ದಾಗ ಥಿನ್ನರ್ ಹಾರುವ ಹೊತ್ತಿಗೆ ಬಣ್ಣದ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಒಣಗಿದ ಮೇಲೆ ಕ್ಲಿಯರ್ ಹಾಲು ಬಿದ್ದಂತೆ ಮಬ್ಬಾಗುತ್ತದೆ. ವರ್ಕ್‌ಶಾಪಿನಲ್ಲಿ ಮಳೆಗಾಲದಲ್ಲಿ ಇದೇ ತಲೆನೋವಾಗಿತ್ತಂತೆ. ಹಾಸನವನ್ನು ಬಡವರ ಊಟಿ ಅನ್ನುತ್ತಾರೆ. ನವೆಂಬರ್, ಡಿಸೆಂಬರ್‌ನಲ್ಲಿ ಮಳೆ ಇರದಿದ್ದರೂ ಬೆಳಿಗ್ಗೆ ಇಬ್ಬನಿ ಇರುತ್ತದೆ. ಹಾಗಾಗಿ ಹತ್ತು ಗಂಟೆಗೆ ಮುಂಚೆ ಡಬ್ಬಿ ಮುಚ್ಚಳ ತೆಗೆಯುವಂತಿಲ್ಲ. ಮಧ್ಯಾಹ್ನ ಬಿಸಿಲಿಗೆ ಕಾದ ಬಾನೆಟ್ ಮೇಲೂ ಬೇಡ, ಹನಿ ಇಟ್ಟ ಕೂಡಲೇ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಭಾನುವಾರ ಹತ್ತರಿಂದ ಮಧ್ಯಾಹ್ನ, ಪೋರ್ಟಿಕೊ ನೆರಳಿನಲ್ಲಿ. ಇದು ನನ್ನ ಟೈಮ್ ಟೇಬಲ್ ಆಯಿತು.

ಮೊದಲು ತೊಳೆಯುವುದು. ಶಾಂಪೂ ಹಾಕಿ ಮಾಮೂಲಿ ತೊಳೆದೆ. ಅದಾದ ಮೇಲೂ ಬಂಪರಿನಿಂದ ಬಾನೆಟ್‌ವರೆಗೆ ಟಾರಿನ ಕಪ್ಪು ಚುಕ್ಕೆಗಳು ಉಳಿದಿದ್ದವು. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ನಿಧಾನ ಒರೆಸಿದರೆ ಬಿಡುತ್ತವೆ. ಆಮೇಲೆ ಮತ್ತೆ ಶಾಂಪೂ, ಇಲ್ಲದಿದ್ದರೆ ಎಣ್ಣೆ ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ತುಕ್ಕಿನ ಚುಕ್ಕೆಗಳಿಗೆ ಹೊತ್ತು ಹಿಡಿಯಿತು. ನಿಜವಾದ ಕೆಲಸ ಇರುವುದೇ ಇಲ್ಲಿ. ಬಣ್ಣ ಹಚ್ಚುವುದಕ್ಕೆ ಎಲ್ಲರಿಗೂ ಉತ್ಸಾಹ, ಕೆರೆಯುವುದಕ್ಕೆ ಯಾರಿಗೂ ಇಲ್ಲ. ಗುಂಡಿಯ ಸುತ್ತ ಅಂಚು ನೋಡಿದರೆ ಬಣ್ಣ ತೆಳ್ಳಗೆ ಎದ್ದು ನಿಂತಿರುತ್ತದೆ. ಅದರ ಕೆಳಗೆ ತುಕ್ಕು ನುಗ್ಗಿರುತ್ತದೆ. ಸೂಜಿಯ ಮೊನೆಯಿಂದ ಆ ಅಂಚನ್ನು ಮೆಲ್ಲಗೆ ಎತ್ತಿದರೆ ಚಕ್ಕೆ ಟಪ್ಪನೆ ಹಾರುತ್ತದೆ. ಗುಂಡಿ ಅಷ್ಟಕ್ಕೆ ದೊಡ್ಡದಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ, ಆದರೂ ಎತ್ತಲೇಬೇಕು. ಗಟ್ಟಿಯಾಗಿ ಹಿಡಿದಿರುವ ಬಣ್ಣದವರೆಗೆ ಹೋಗಿ ನಿಲ್ಲಬೇಕು. ಮಾವ ಒಂದು ಉಪಾಯ ಹೇಳಿಕೊಟ್ಟರು. ಪೇಪರ್‌ಗೆ ತೂತು ಹೊಡೆಯುವ ಪಂಚಿಂಗ್ ಮೆಷಿನ್ ಇದೆಯಲ್ಲ, ಅದರಲ್ಲಿ 1000 ನಂಬರಿನ ವಾಟರ್ ಪೇಪರ್‌ನಿಂದ ಚಿಕ್ಕ ಬಿಲ್ಲೆ ಕತ್ತರಿಸಿ, ಪೆನ್ಸಿಲಿನ ಹಿಂಬದಿಗೆ ಫೆವಿಕ್ವಿಕ್‌ನಲ್ಲಿ ಅಂಟಿಸಿದರು. ಪೆನ್ಸಿಲ್ ನೆಟ್ಟಗೆ ಹಿಡಿದು ಬೆರಳುಗಳ ನಡುವೆ ತಿರುಗಿಸಿದರೆ ಆ ಚುಕ್ಕೆಯಷ್ಟೇ ಉಜ್ಜುತ್ತದೆ, ಅಕ್ಕಪಕ್ಕದ ಒಳ್ಳೆಯ ಬಣ್ಣಕ್ಕೆ ತಾಗುವುದಿಲ್ಲ. ಕಂದು ಹೋಗಿ ಬೆಳ್ಳಗಿನ ತಗಡು ಮಿಂಚುವವರೆಗೆ ತಿರುಗಿಸುತ್ತಾ ಇರಬೇಕು.

ಎಷ್ಟು ಉಜ್ಜಿದರೂ ತಗಡಿನ ರಂಧ್ರಗಳಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಅದಕ್ಕೇ ತುಕ್ಕಿನ ದ್ರವ. ಅದರಲ್ಲಿ ಇರುವುದು ಫಾಸ್ಫಾರಿಕ್ ಆಸಿಡ್. ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡಿ ಕೂರಿಸುತ್ತದೆ. ಟೂತ್‌ಪಿಕ್ ತುದಿಯಲ್ಲಿ ಒಂದು ಹನಿ ಇಟ್ಟು ಬಿಟ್ಟರೆ ನಿಧಾನಕ್ಕೆ ಕಂದು ಹೋಗಿ ಬೂದುಗಪ್ಪಾಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಕೊನೆಗೆ ಸ್ಪಿರಿಟ್‌ನಲ್ಲಿ ಒಂದು ಸಲ ಒರೆಸಿದೆ. ಆಮೇಲೆ ಬೆರಳು ತಾಗಿಸುವ ಹಾಗಿಲ್ಲ. ಬೆರಳಿನ ಜಿಡ್ಡೂ ಜಿಡ್ಡೇ.

ಅದೇ ದಿನ ಪ್ರೈಮರ್. ಉಜ್ಜಿದ ತಗಡನ್ನು ಹಾಗೇ ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆಯ ಇಬ್ಬನಿಗೆ ಮತ್ತೆ ಕೆಂಪಗಾಗಿರುತ್ತದೆ. ತಗಡು ಕಾಣುವ ಚುಕ್ಕೆಗಳಿಗೆ ಮಾತ್ರ, ತಳಕ್ಕೆ ತಾಗುವಷ್ಟು ಮಾತ್ರ. ಪ್ರೈಮರೇ ಗುಂಡಿ ತುಂಬಿದರೆ ಬಣ್ಣಕ್ಕೆ ಜಾಗ ಎಲ್ಲಿ?

ಮುಂದಿನ ಭಾನುವಾರ ಬಣ್ಣ. ಡಬ್ಬಿಯನ್ನು ಕೈ ಸೋಲುವವರೆಗೆ ಅಲ್ಲಾಡಿಸಬೇಕು. ಅಲ್ಯೂಮಿನಿಯಂ ಚೂರು ಭಾರ, ತಳಕ್ಕೆ ಕೂತಿರುತ್ತದೆ. ಸುಮ್ನೆ ಎರಡು ಸಲ ಅಲ್ಲಾಡಿಸಿ ಮೇಲಿನದ್ದು ತೆಗೆದರೆ ಬೂದು ನೀರು ಸಿಗುತ್ತದೆ, ಬೆಳ್ಳಿ ಸಿಗುವುದಿಲ್ಲ. ಬಾಟಲಿ ಮುಚ್ಚಳದಲ್ಲಿ ಸ್ವಲ್ಪ ಸುರಿದುಕೊಂಡು ನಾಲ್ಕೈದು ಹನಿ ಥಿನ್ನರ್ ಸೇರಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಗೇಟಿನ ಬಳಿ ಬಂದು, "ಏನ್ ಸಾರ್, ಭಾನುವಾರ ಬೆಳಿಗ್ಗೆನೇ ಡ್ರಾಯಿಂಗ್ ಕ್ಲಾಸಾ?" ಅಂದರು. ಮಾವ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. "ಹೌದು, ಹೆಬ್ಬೆಟ್ಟಿನವನಿಗೆ ಬರೆಯೋದು ಕಲಿಸ್ತಿದ್ದೀನಿ" ಅಂದುಬಿಟ್ಟರು.

ಟೂತ್‌ಪಿಕ್ ತುದಿಯನ್ನು ಬಣ್ಣಕ್ಕೆ ತಾಗಿಸಿ, ಮುಚ್ಚಳದ ಅಂಚಿಗೆ ಒಮ್ಮೆ ಒರೆಸಿ, ತುದಿಯಲ್ಲಿ ಉಳಿದಷ್ಟನ್ನೇ ಗುಂಡಿಯ ನಡುವೆ ಮುಟ್ಟಿಸಬೇಕು. ಎಳೆಯಬಾರದು, ಹರಡಬಾರದು. ಹನಿ ತಳಕ್ಕೆ ತಾಗಿದ ಕೂಡಲೇ ತಾನಾಗೇ ಅಂಚಿನ ಕಡೆಗೆ ಓಡುತ್ತದೆ. ಒಂದು ಕ್ಷಣ ಗುಂಡಿ ತುಂಬಿ, ಉಬ್ಬಿ, ಸುತ್ತಲಿನ ಬಣ್ಣದ ಜೊತೆ ಸಮವಾಗಿ ಮಿಂಚುತ್ತದೆ. ಆಯ್ತಲ್ಲ ಅನ್ನಿಸುತ್ತದೆ. ಕಾಯುತ್ತಾ ನೋಡಿದರೆ ಹೊಳಪು ಹೋಗುತ್ತದೆ, ಆಮೇಲೆ ಮಧ್ಯದಲ್ಲಿ ಕುಗ್ಗುತ್ತದೆ. ಥಿನ್ನರ್ ಹಾರಿಹೋದಷ್ಟೂ ಬಣ್ಣ ಕೆಳಗಿಳಿಯುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಗುಂಡಿ ಮತ್ತೆ ಗುಂಡಿಯೇ. ಬಣ್ಣ ಬಂದಿದೆ, ಆಳ ಹೋಗಿಲ್ಲ. ಮತ್ತೆ ಒಂದು ಹನಿ. ಮತ್ತೆ ಕಾಯುವುದು. ಚುಕ್ಕೆಗಳು ಬಹಳ ಇದ್ದದ್ದು ಇಲ್ಲಿ ಅನುಕೂಲವಾಯಿತು. ಎಡಗಡೆಯಿಂದ ಶುರು ಮಾಡಿ ಬಲಗಡೆಗೆ ಮುಗಿಸುವಷ್ಟರಲ್ಲಿ ಎಡಗಡೆಯದು ಒಣಗಿರುತ್ತಿತ್ತು. ಒಂದೇ ಚುಕ್ಕೆ ಇದ್ದವರಿಗೆ ಕಾಯುವುದೇ ಶಿಕ್ಷೆ.

ಹನಿ ಜಾಸ್ತಿ ಬಿದ್ದು ಅಂಚು ದಾಟಿದರೆ ಹೆದರಬೇಕಿಲ್ಲ. ಬನಿಯನ್ ಬಟ್ಟೆಗೆ ಚೂರು ಥಿನ್ನರ್ ಹಾಕಿ, ಬೆರಳಿಗೆ ಬಿಗಿಯಾಗಿ ಸುತ್ತಿ, ಒಂದೇ ಸಲ ಸವರಿದರೆ ಹಸಿ ಬಣ್ಣ ಬಂದುಬಿಡುತ್ತದೆ. ಫ್ಯಾಕ್ಟರಿ ಬಣ್ಣ ಬೇಯಿಸಿದ್ದಾದ್ದರಿಂದ ಅಷ್ಟಕ್ಕೆ ಏನೂ ಆಗುವುದಿಲ್ಲ. ಪ್ಲಾಸ್ಟಿಕ್ ಗ್ರಿಲ್, ಹೆಡ್‌ಲೈಟ್ ಮೇಲೆ ಮಾತ್ರ ಥಿನ್ನರ್ ಬೀಳಬಾರದು, ಬಿದ್ದರೆ ಮಂಜಾಗುತ್ತದೆ. ಮೊದಲೇ ಗ್ಯಾರೇಜಿನಲ್ಲಿ ಒಮ್ಮೆ ಪೇಂಟ್ ಮಾಡಿಸಿದ ಭಾಗಕ್ಕೂ ಈ ಧೈರ್ಯ ಬೇಡ.

ಬಣ್ಣ ಗುಂಡಿಯ ಬಾಯಿಗಿಂತ ಸ್ವಲ್ಪ ಕೆಳಗೆ ನಿಲ್ಲಬೇಕು. ಉಳಿದ ಜಾಗ ಕ್ಲಿಯರ್‌ಗೆ. ಒಂದು ರಾತ್ರಿ ಬಿಟ್ಟು ಕ್ಲಿಯರ್ ಇಟ್ಟೆ. ಇದಕ್ಕೆ ಲೆಕ್ಕ ತಿರುಗುಮುರುಗು. ಒಣಗಿದ ಮೇಲೂ ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರ ನಿಲ್ಲುವಂತೆ ಹನಿ ಮೇಲೆ ಹನಿ. ಯಾಕೆಂದರೆ ಆ ಎತ್ತರವನ್ನು ಆಮೇಲೆ ಉಜ್ಜಿ ಸಮ ಮಾಡಬೇಕು. ಬಣ್ಣವನ್ನೇ ಎತ್ತರ ಮಾಡಿ ಉಜ್ಜಿದರೆ ಅಲ್ಯೂಮಿನಿಯಂ ಚೂರುಗಳು ತುಂಡಾಗಿ ಮಂಕು ಕಲೆ ಉಳಿಯುತ್ತದೆ. ಬೆಳ್ಳಿ ಬಣ್ಣವನ್ನು ಯಾವತ್ತೂ ಉಜ್ಜಬಾರದು, ಉಜ್ಜುವುದೇನಿದ್ದರೂ ಕ್ಲಿಯರ್‌ನ ಮೇಲೆ.

ಉಜ್ಜುವ ಮೊದಲು ಒಂದು ವಾರಕ್ಕೂ ಜಾಸ್ತಿ ಹಾಗೇ ಬಿಟ್ಟೆ. ಕಾರು ಓಡಾಡುತ್ತಲೇ ಇತ್ತು. ಆಫೀಸಿನಲ್ಲಿ ಒಬ್ಬರು ಬಾನೆಟ್ ಮೇಲೆ ಮಳೆ ಹನಿ ನಿಂತಿದೆ ಅಂತ ಕೈಯಲ್ಲಿ ಒರೆಸಲು ನೋಡಿದರು. ನಿಜಕ್ಕೂ ಹಾಗೇ ಕಾಣುತ್ತಿತ್ತು.

ಉಜ್ಜುವುದು ನನಗೆ ಭಯದ ಕೆಲಸ. ಫ್ಯಾಕ್ಟರಿ ಕ್ಲಿಯರ್ ಪದರ 40-50 ಮೈಕ್ರಾನ್ ಇರಬಹುದು. ನಮ್ಮ ಉಬ್ಬು ಕರಗುವಾಗ ಅಕ್ಕಪಕ್ಕದ ಒಳ್ಳೆಯ ಕ್ಲಿಯರ್ ಕೂಡ ಸವೆಯುತ್ತದೆ. ಒಮ್ಮೆ ಅದು ತೂತಾದರೆ ಇಡೀ ಬಾನೆಟ್ ಪೇಂಟೇ ಗತಿ. ಮಕ್ಕಳ ರಬ್ಬರನ್ನು ಕತ್ತರಿಸಿ, ಬೆರಳ ತುದಿಯಷ್ಟು ಚೂರಿಗೆ 2000 ನಂಬರಿನ ಪೇಪರ್ ಸುತ್ತಿಕೊಂಡೆ. ಬರೀ ಬೆರಳಲ್ಲಿ ಉಜ್ಜಿದರೆ ಬೆರಳು ಗುಂಡಿಯೊಳಗೂ ಇಳಿಯುತ್ತದೆ, ರಬ್ಬರ್ ಮಟ್ಟಸ, ಉಬ್ಬಿಗೆ ಮಾತ್ರ ತಾಗುತ್ತದೆ. ಪೇಪರನ್ನು ಮುಂಚೆಯೇ ನೀರಲ್ಲಿ ನೆನೆಹಾಕಿ, ನೀರಿಗೆ ಒಂದು ಹನಿ ಶಾಂಪೂ ಹಾಕಿ, ಒತ್ತದೆ, ರಬ್ಬರಿನ ಭಾರದಲ್ಲೇ ಹಿಂದೆ ಮುಂದೆ. ಐದಾರು ಸಲ ಆಡಿಸಿದರೆ ಒರೆಸಿ ಓರೆಯಲ್ಲಿ ನೋಡಬೇಕು. ಉಬ್ಬಿನ ನೆತ್ತಿ ಮಂಕಾಗಿ, ಸುತ್ತ ಇನ್ನೂ ಹೊಳಪಿದ್ದರೆ ಸರಿಯಾದ ದಾರಿ. ನೀರು ಬೆಳ್ಳಗೆ ಹಾಲಿನ ಬಣ್ಣಕ್ಕೆ ಬಂದರೆ ಕ್ಲಿಯರ್ ಸವೆಯುತ್ತಿದೆ ಅಂತ. ನೀರಿನಲ್ಲಿ ಬೂದು ಬಂತೋ, ನಿಲ್ಲಿಸಿ. ಬಣ್ಣಕ್ಕೆ ತಾಗಿದೆ.

ಮಾವ ಬೆರಳು ಸವರಿ ಸಾಕು ಅಂದಾಗ ನಿಲ್ಲಿಸಿದೆ. ನನ್ನ ಬೆರಳಿಗೆ ಇನ್ನೂ ಚೂರು ಉಬ್ಬು ತಿಳಿಯುತ್ತಿತ್ತು. "ಅಷ್ಟು ಇರಲಿ ಬಿಡೋ. ಮಟ್ಟ ಮಾಡ್ತೀನಿ ಅಂತ ಹೋದವರೇ ತೂತು ಮಾಡೋದು" ಅಂದರು. ಆಮೇಲೆ ರಬ್ಬಿಂಗ್ ಕಾಂಪೌಂಡ್, ಕೈಯಲ್ಲೇ, ಸುತ್ತು ಸುತ್ತಾಗಿ. ಮಂಕು ಹೋಗಿ ಹೊಳಪು ಬಂತು. ವ್ಯಾಕ್ಸ್ ಪಾಲಿಶ್ ಒಂದು ತಿಂಗಳು ಬೇಡ ಅಂತ ಮಾವನ ಆರ್ಡರ್. ಹೊಸ ಬಣ್ಣದೊಳಗಿನ ಥಿನ್ನರ್ ಪೂರ್ತಿ ಹಾರಬೇಕಂತೆ.

ಬಂಪರಿಗೆ ಇಷ್ಟು ಪೂಜೆ ಮಾಡಲಿಲ್ಲ. ಅದು ಪ್ಲಾಸ್ಟಿಕ್, ತುಕ್ಕಿನ ಮಾತೇ ಇಲ್ಲ. ತೊಳೆದು, ಒರೆಸಿ, ಬಣ್ಣ ಮುಟ್ಟಿಸಿ ಬಿಟ್ಟೆ. ಬಾಗಿಲಿನ ಅಂಚುಗಳೂ ಹಾಗೇ, ಬಸ್ ಸ್ಟ್ಯಾಂಡ್ ಪಾರ್ಕಿಂಗ್‌ನಲ್ಲಿ ನಾಳೆ ಮತ್ತೆ ತಾಗುತ್ತವೆ.

ಹೇಗೆ ಕಾಣುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎರಡು ಮಾರು ದೂರದಿಂದ ಏನೂ ಕಾಣುವುದಿಲ್ಲ. ಹತ್ತಿರ ಬಂದು ಬಗ್ಗಿದರೆ, ಬಿಸಿಲು ಓರೆಯಾಗಿ ಬಿದ್ದಾಗ, ಒಂದೊಂದು ಚುಕ್ಕೆ ಸ್ವಲ್ಪ ಕಪ್ಪಾಗಿ ತೋರುತ್ತದೆ. ಅಂಗಡಿಯವರ ಮಾತು ಸುಳ್ಳಾಗಲಿಲ್ಲ. ಕಾರು ಮಾರುವಾಗ ಬೆಲೆ ಏರಿಸಲು ಇದನ್ನು ಮಾಡುವುದಾದರೆ ಬೇಡ, ಕೊಳ್ಳುವವನು ಬಗ್ಗಿಯೇ ನೋಡುತ್ತಾನೆ. ಬಿಳಿಯೋ ಕೆಂಪೋ ಹೀಗೆ ಮಿನುಗಿಲ್ಲದ ಬಣ್ಣದವರು ಮಾತ್ರ ಧೈರ್ಯವಾಗಿ ಕೈ ಹಾಕಬಹುದು, ಅವರಿಗೆ ಕ್ಲಿಯರ್ ಕೂಡ ಬೇಕಾಗದೆ ಇರಬಹುದು. ಚಿಕ್ಕಮಗಳೂರಿನ ನನ್ನ ತಂಗಿಯ ಗಂಡನದು ಬಿಳಿ ಕಾರು. ಅರ್ಧ ದಿನದಲ್ಲಿ ಮುಗಿಸಿಕೊಂಡು ಫೋನ್ ಮಾಡಿ, "ಏನ್ ಭಾವ, ಇದಕ್ಕೆ ತಿಂಗಳುಗಟ್ಟಲೆ ಎಳೆದ್ರಾ?" ಅಂತ ಕೇಳಿದ.

ಆಮೇಲೆ ಒಂದು ಮಳೆಗಾಲ ಪೂರ್ತಿ ಕಳೆಯಿತು. ಸೆಪ್ಟೆಂಬರ್ ಕೊನೆಗೆ ಮಾವನನ್ನೇ ಕರೆದು ತೋರಿಸಿದೆ. ಬಾನೆಟ್ ಮೇಲೆ ತುಕ್ಕು ತೆಗೆದಿದ್ದ ಚುಕ್ಕೆಗಳಲ್ಲಿ ಒಂದೂ ಮರಳಿ ಕಂದಾಗಿಲ್ಲ. ಬಾನೆಟ್‌ಗೆ ಹೊಸ ಏಟುಗಳು ಬಿದ್ದಿವೆ, ಬೀಳದೆ ಇರುತ್ತವೆಯೇ? ಅವಕ್ಕೆ ಡಬ್ಬಿಯಲ್ಲಿ ಬಣ್ಣ ಇದೆ. ಆದರೆ ಮುಂದಿನ ಗ್ಲಾಸಿನ ಮೇಲೆ, ರೂಫ್ ಶುರುವಾಗುವ ಕಡೆ ಇದ್ದ ಒಂದು ಚುಕ್ಕೆ ಉಬ್ಬಿ ನಿಂತಿತ್ತು. ಉಗುರು ತಾಗಿಸಿದರೆ ಕಂದು ಪುಡಿ ಬಂತು. ತುಕ್ಕು ಗ್ಲಾಸಿನ ರಬ್ಬರ್ ಬೀಡಿಂಗ್ ಕೆಳಗೆ ಹೋಗಿದೆ, ಅಲ್ಲಿಗೆ ನನ್ನ ಪೆನ್ಸಿಲ್ ಹೋಗುವುದಿಲ್ಲ. ಗ್ಲಾಸ್ ಬಿಚ್ಚಬೇಕು, ತಗಡು ಕ್ಲೀನ್ ಮಾಡಬೇಕು, ಬಿಟ್ಟರೆ ಮಳೆ ನೀರು ಡ್ಯಾಶ್‌ಬೋರ್ಡಿಗೆ ಇಳಿಯುತ್ತದೆ. ಮಾವನಿಗೆ ಪರಿಚಯದ ಟಿಂಕರಿಂಗ್‌ನವರಿದ್ದಾರೆ. ದಸರಾ ರಜೆಯಲ್ಲಿ ಕಾರನ್ನು ಅಲ್ಲಿ ಬಿಡುವುದು ಅಂತ ಆಗಿದೆ. ಆ ನಾಲ್ಕೈದು ದಿನ ಸಕಲೇಶಪುರಕ್ಕೆ ಕೆಂಪು ಬಸ್ಸೇ.